ಗೋವಾದಿಂದ ಬಂದ ಸೌದೆ

ನಮ್ಮ ಭಾವನಿಗೆ ಪೋರ್ಚುಗೀಸ್ ಭಾಷೆಯಲ್ಲಿ ಬರುವುದು ಒಂದೇ ಒಂದು ಪದ. ಆ ಒಂದು ಪದ ಇಟ್ಟುಕೊಂಡು ಅವರು ಆರ್.ಟಿ. ನಗರದಲ್ಲಿ ಎಬ್ಬಿಸಿದ ಗಲಾಟೆಯನ್ನು ಆ ಪೋರ್ಚುಗೀಸರು ಹಡಗು, ಫಿರಂಗಿ, ಇಡೀ ನಿಘಂಟು ಇಟ್ಟುಕೊಂಡೂ ಎಬ್ಬಿಸಿರಲಿಕ್ಕಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಕೈಕೆಳಗಿನವರು ಬರೆದು ತಂದ ಟಿಪ್ಪಣಿಗಳನ್ನು ಕೆಂಪು ಇಂಕಿನಲ್ಲಿ ತಿದ್ದುವುದೇ ಅವರ ಉದ್ಯೋಗವಾಗಿತ್ತು. ನಿವೃತ್ತಿಯ ದಿನ ಕಚೇರಿಯವರು ಶಾಲು, ಹಾರ, ಗಣೇಶನ ವಿಗ್ರಹ ಎಲ್ಲ ಕೊಟ್ಟು ಕಳಿಸಿದರು. ಕೆಂಪು ಪೆನ್ನನ್ನು ಮಾತ್ರ ವಾಪಸ್ ಇಸಿದುಕೊಳ್ಳಲು ಮರೆತರು. ಅದರ ಫಲವನ್ನು ಇಡೀ ಬಡಾವಣೆ ಅನುಭವಿಸುತ್ತಿದೆ. ಬೇಕರಿಯ ಬೋರ್ಡಿನಲ್ಲಿ 'ಕೊಬ್ರಿ ಬನ್' ಎಂದಿದ್ದದ್ದು 'ಕೊಬ್ಬರಿ ಬನ್' ಆಗುವ ತನಕ ಅವರು ಆ ಬನ್ ಮುಟ್ಟಲಿಲ್ಲ. ನನ್ನ ಮದುವೆಯ ಲಗ್ನಪತ್ರಿಕೆ ಕೊಟ್ಟು ಕಾಲಿಗೆ ಬಿದ್ದರೆ, ನಾನು ಏಳುವಷ್ಟರಲ್ಲಿ ಎರಡು ತಪ್ಪು ಹುಡುಕಿ, "ಮೊದ್ಲು ತಿದ್ದಿಸ್ಕೊಂಡು ಬಾ, ಆಮೇಲೆ ಮದುವೆ ಆಗು" ಎಂದಿದ್ದರು. ತಿದ್ದಿಸಿಕೊಂಡೇ ಮದುವೆಯಾದೆ.

ಇಂಥವರ ಪಕ್ಕದ ಮನೆಯಲ್ಲಿ ಬಾಳುವುದು ಸಾಮಾನ್ಯರಿಗೆ ಆಗುವ ಮಾತೇ? ಆದರೆ ಒಬ್ಬರು ಬಾಳಿದರು, ಅದೂ ಬಹಳ ವರ್ಷ. ಅವರನ್ನು ನಾವೆಲ್ಲ ಭಾಯಿ ಎನ್ನುತ್ತೇವೆ. ಸೋಫಾ, ಸ್ಕೂಟರ್ ಸೀಟು ಹೊಲಿಯುವ ಕುಷನ್ ಅಂಗಡಿ ಅವರದು. ಮನೆಯೊಳಗೆ ದಖನಿ ಉರ್ದು, ಅಂಗಡಿಯಲ್ಲಿ ಸಿಕ್ಕ ಗಿರಾಕಿಯ ಭಾಷೆ, ಭಾವನ ಎದುರು ಮಾತ್ರ ವ್ಯಾಕರಣಕ್ಕೆ ಹೆದರಿದ ಕನ್ನಡ. ಎರಡು ಮನೆಗಳ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಸಂಜೆಯಾದರೆ ಆ ಕಡೆ ಭಾಯಿ, ಈ ಕಡೆ ಭಾವ, ಗೋಡೆಯ ಮೇಲೆ ಮೊಣಕೈ ಊರಿ ನಿಂತು ಜಗಳ ಶುರು ಮಾಡುತ್ತಿದ್ದರು. ವಿಷಯ ಯಾವುದಾದರೂ ನಡೆಯುತ್ತಿತ್ತು. ನೀರಿನ ಟ್ಯಾಂಕರ್, ಹೆಬ್ಬಾಳದ ಫ್ಲೈಓವರ್, ಅಮೆರಿಕದ ಅಧ್ಯಕ್ಷ. ಒರಟು ಗೋಡೆಗೆ ಭಾವನ ಮೊಣಕೈ ತರಚಿತೆಂದು ಭಾಯಿ ಕೆಂಪು ರೆಕ್ಸಿನ್ನಿನಲ್ಲಿ ಎರಡು ಪುಟ್ಟ ದಿಂಬು ಹೊಲಿದು, ಒಂದು ತಾವಿಟ್ಟುಕೊಂಡು ಇನ್ನೊಂದು ಭಾವನಿಗೆ ಕೊಟ್ಟರು. ಜಗಳ ಆಡಲಿಕ್ಕೆಂದೇ ದಿಂಬು ಹೊಲಿಸಿಕೊಂಡ ನೆರೆಹೊರೆಯವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಹೋದ ವರ್ಷ ಭಾಯಿ ಆ ಮನೆ ಮಾರಿದರು. ಮಂಡಿ ನೋವು, ಮೆಟ್ಟಿಲು ಹತ್ತಲಾಗದು; ಮಗ ಯಲಹಂಕದಲ್ಲಿ ಕಾರಿನ ಸಾಮಾನಿನ ಅಂಗಡಿ ಇಟ್ಟು, ಹತ್ತಿರದಲ್ಲೇ ಲಿಫ್ಟ್ ಇರುವ ಫ್ಲಾಟು ಕೊಂಡಿದ್ದ. ಹೊರಡುವ ದಿನ ಸಾಮಾನಿನ ಲಾರಿ ಮುಂದೆ ಹೋಯಿತು. ಭಾಯಿ ನಮ್ಮ ಭಾವನ ಗೇಟಿನ ಹತ್ತಿರ ಬಂದರು. "ಹೋಗ್ತೀನಿ ಸಾರ್" ಎಂದರು. ಆಟೋ ಹತ್ತಿದರು.

ಆಟೋ ತಿರುವಿನಲ್ಲಿ ಮರೆಯಾಗುವ ಮೊದಲೇ ಭಾವ ನನ್ನ ಕಡೆ ತಿರುಗಿದರು.

"ಹೋಗ್ತೀನಿ ಅಂದ್ರು. ಕೇಳಿಸ್ಕೊಂಡ್ಯಾ?"

"ಹೋಗ್ತಾ ಇದಾರಲ್ಲ ಭಾವ, ಇನ್ನೇನಂತಾರೆ?"

"ನಮ್ಮಲ್ಲಿ ಯಾರಾದ್ರೂ ಹೋಗ್ತೀನಿ ಅಂತ ಹೇಳಿ ಹೋಗ್ತಾರೇನೋ? ಹಾಲು ತರೋಕೆ ಹೋಗೋನೂ ಹೋಗಿ ಬರ್ತೀನಿ ಅಂತಾನೆ. ಪಾಲಿಸಿ ಮಾರೋಕೆ ಬಂದು ನನ್ ಹತ್ರ ಬೈಸ್ಕೊಂಡೋನೂ ಬರ್ತೀನಿ ಸಾರ್ ಅಂತಾನೇ ಹೋಗೋದು. ಇವರ ಭಾಷೇಲೂ 'ಜಾಕೆ ಆತೂಂ' ಅಂತಾರೆ, ಹೋಗಿ ಬರ್ತೀನಿ ಅಂತಾನೇ ಅರ್ಥ. ಎರಡೂ ಭಾಷೆ ಗೊತ್ತಿರೋ ಮನುಷ್ಯ 'ಬರ್ತೀನಿ' ಬಿಟ್ಟಿದಾರೆ ಅಂದ್ರೆ ಬೇಕಂತಲೇ ಬಿಟ್ಟಿದಾರೆ. ಇನ್ನು ಬರೋದಿಲ್ಲ ಅಂತ ಅರ್ಥ."

ಅಲ್ಲಿಗೆ ಮಾತು ನಿಂತಿತು. ಭಾವ ಫೋನ್ ಮಾಡಲಿಲ್ಲ. ಏಕೋ ಏನೋ, ಭಾಯಿಯೂ ಮಾಡಲಿಲ್ಲ. ಆರ್.ಟಿ. ನಗರದಿಂದ ಯಲಹಂಕಕ್ಕೆ ಬೇಕಾದಷ್ಟು ಬಸ್ಸುಗಳಿವೆ. ಒಂದು ಕ್ರಿಯಾಪದ ಬಿಟ್ಟುಹೋಗಿದ್ದಕ್ಕೆ ಇಬ್ಬರು ಹಿರಿಯರು ಒಂದು ವರ್ಷ ಮಾತು ಬಿಟ್ಟು ಕೂತರು! ಆದರೆ ಸಂಜೆಯಾದರೆ ಭಾವ ಆ ಕೆಂಪು ದಿಂಬನ್ನು ಗೋಡೆಯ ಮೇಲೆ ಇಟ್ಟುಕೊಂಡು ಒಬ್ಬರೇ ನಿಲ್ಲುವುದನ್ನು ಬಿಡಲಿಲ್ಲ. ಯಾರೋ ಮುದುಕ ತಮ್ಮ ಮನೆಯೊಳಗೆ ಇಣುಕುತ್ತಾನೆಂದು ಪಕ್ಕದ ಮನೆಗೆ ಬಂದ ಹೊಸಬರು ಕಿಟಕಿಗೆಲ್ಲ ಪರದೆ ಹಾಕಿಸಿದರು.

"ಊಟಕ್ಕೆ ಕೂತ್ರೂ ಗೇಟ್ ಸದ್ದಾದ್ರೆ ಎದ್ದು ನೋಡ್ತಾರೆ ಕಣೋ," ಎಂದು ಅಕ್ಕ ನನ್ನ ಹತ್ತಿರ ಕಣ್ಣೀರು ಹಾಕಿದಳು. "ಕೇಳಿದ್ರೆ ಕೊರಿಯರ್ ಅಂದ್ಕೊಂಡೆ ಅಂತಾರೆ. ಈ ಮನುಷ್ಯನಿಗೆ ಯಾರು ಕೊರಿಯರ್ ಕಳಿಸ್ತಾರೆ? ಹಿಂಗೇ ಆದ್ರೆ ಏನಾದ್ರೂ ಹಚ್ಕೊಂಡ್ಬಿಡ್ತಾರೆ." ಗಾಳಿ ಬದಲಾಗಲಿ ಎಂದು ಅವಳೇ ಅವರನ್ನು ವಾಕಿಂಗ್ ಗೆಳೆಯರ ಜೊತೆ ಗೋವಾಕ್ಕೆ ದಬ್ಬಿದಳು.

ಗೋವಾಕ್ಕೆ ಹೋದವರು ಏನು ತರುತ್ತಾರೆ? ಗೋಡಂಬಿ ತರುತ್ತಾರೆ. ಧೈರ್ಯವಂತರು ಒಗೆಯುವ ಬಟ್ಟೆಯ ನಡುವೆ ಸುತ್ತಿ ಬಾಟಲಿ ತರುತ್ತಾರೆ. ಏನೂ ಇಲ್ಲದಿದ್ದರೆ ಚಪ್ಪಲಿಯಲ್ಲಿ ಒಂದಿಷ್ಟು ಮರಳನ್ನಾದರೂ ತರುತ್ತಾರೆ. ನಮ್ಮ ಭಾವ ಒಂದು ಪದ ತಂದರು. ಅವರು ಇಳಿದುಕೊಂಡಿದ್ದ ಮನೆಯ ಯಜಮಾನಿ, ಒಬ್ಬ ಅಜ್ಜಿ, ಪಕ್ಕದಲ್ಲಿ ಬೀಗ ಹಾಕಿದ್ದ ಮನೆ ತೋರಿಸಿ, ಅವರೆಲ್ಲ ಲಿಸ್ಬನ್‌ಗೆ ಹೋಗಿಬಿಟ್ಟರು, ನನಗೆ 'ಸೌದಾದೆ' ಎಂದರಂತೆ. ಭಾವ ಅರ್ಥ ಕೇಳಿದರು. ಉಳಿದವರು ಸಮುದ್ರಕ್ಕೆ ಹೋಗಿ ಮುಳುಗೆದ್ದು ವಾಪಸ್ ಬಂದರೂ ಅಜ್ಜಿ ಇನ್ನೂ ಅರ್ಥ ಹೇಳುತ್ತಲೇ ಇದ್ದರು. ಇದ್ದದ್ದು ಹೋಗಿದೆ, ತಿರುಗಿ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಇದ್ದಾಗಿನದು ನೆನೆದರೆ ಸಿಹಿ, ಈಗ ಇಲ್ಲ ಎಂದರೆ ಕಹಿ, ಆ ಎರಡನ್ನೂ ಒಟ್ಟಿಗೆ ನುಂಗುತ್ತ ಕೂರುವುದಕ್ಕೆ ಆ ಹೆಸರು.

ಬೆಂಗಳೂರಿಗೆ ಬಂದ ಭಾವ ಚೀಲ ಕೆಳಗಿಡುವ ಮೊದಲೇ ಅಕ್ಕನಿಗೆ ಪದ ಒಪ್ಪಿಸಿದರು. "ನಂಗೆ ಆಗಿರೋದು ಏನು ಅಂತ ಗೊತ್ತಾಯ್ತು. ಸೌದಾದೆ."

"ಏನಾದ್ರಿ? ಸೌದೆ ಆದ್ರಾ?"

"ಸೌದಾದೆ."

"ನೀವ್ಯಾಕ್ರೀ ಸೌದೆ ಆಗ್ತೀರಾ? ಈ ಮನೆಗೆ ಬಂದು ಒಲೆ ಮುಂದೆ ನಿಂತು ನಿಂತು ಸೌದೆ ಆದೋಳು ನಾನು."

ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಭಾವ ಕುರ್ಚಿ ಎಳೆದುಕೊಂಡು ಕೂತರು. "ಸೌದೆ ಪ್ಲಸ್ ಆದೆ, ಸೌದಾದೆ ಆಗೋದಿಲ್ಲ ಕಣೇ. ಅಲ್ಲಿ ಯಕಾರ ಆಗಮ ಆಗುತ್ತೆ. ಸೌದೆಯಾದೆ. ಬೈಯೋದಾದ್ರೂ ಸಂಧಿ ನೋಡ್ಕೊಂಡು ಬೈ."

ಆಮೇಲೆ ಅವರ ವಾದ ಶುರುವಾಯಿತು. ಪೋರ್ಚುಗೀಸರಿಂದ ನಾವು ಎಷ್ಟೊಂದು ಪದ ತೆಗೆದುಕೊಂಡಿದ್ದೇವೆ! ಬಟಾಟೆ ಅವರದು, ಅನಾನಸು ಅವರದು, ಪಾದ್ರಿ ಅವರದು, ಉತ್ತರ ಕರ್ನಾಟಕದವರು ಎಣಿಸಿಕೊಳ್ಳುವ ಪಗಾರವೂ ಅವರದು. "ಅಲಮಾರು ತಗೊಂಡ್ವಿ, ಅದಕ್ಕೆ ಚಾವಿನೂ ತಗೊಂಡ್ವಿ. ಒಳಗಿಡೋ ಸಾಮಾನನ್ನೇ ಅಲ್ಲಿ ಬಿಟ್ಟು ಬಂದ್ವಿ" ಎಂದು ಭಾವ ನಿಟ್ಟುಸಿರುಬಿಟ್ಟರು. ಆ ಸಾಮಾನಿಗೆ ತಕ್ಕ ಕನ್ನಡ ಪದವನ್ನು ತಾವೇ ಹುಡುಕುವುದೆಂದು ತೀರ್ಮಾನವಾಯಿತು. ಸಿಕ್ಕಿಬಿದ್ದವರು ನಾವು.

ನಾನು 'ನೆನಪು' ಎಂದೆ. ನೆನಪು ಹಲ್ಲುಜ್ಜುವ ಪೇಸ್ಟ್ ತರುವುದಕ್ಕೂ ಬೇಕಾಗುತ್ತದೆ, ಬೇಡ ಎಂದರು. 'ಹಂಬಲ' ಎಂದೆ. ಅದು ಮುಂದೆ ಬರಬೇಕಾದದ್ದಕ್ಕೆ, ಇದು ಹಿಂದೆ ಹೋದದ್ದಕ್ಕೆ ಎಂದರು. 'ವಿರಹ' ಎಂದೆ. ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು, "ಈ ವಯಸ್ಸಲ್ಲಿ ಯಾರದಪ್ಪಾ ವಿರಹ?" ಎಂದು ಕೇಳಿದ್ದರಿಂದ ಆ ಪದವನ್ನು ಎಲ್ಲರೂ ಸರ್ವಾನುಮತದಿಂದ ಕೈಬಿಟ್ಟೆವು. ಹೋಗುವಾಗ ಅವಳೇ ಬಾಗಿಲಲ್ಲಿ ನಿಂತು ಹೇಳಿದಳು: "ಭಾಯಿ ಹೋದ್ಮೇಲೆ ಆ ಗೋಡೆ ಹತ್ರ ಬಿಕೋ ಅನ್ನುತ್ತಲ್ಲ, ಅದೇ ತಾನೇ ನಿಮ್ಮ ಸೌದೆ?"

ಭಾವ ಗೋಡೆಯ ಕಡೆ ನೋಡಿದರು. ಆಮೇಲೆ, "ಬಿಕೋ ಅನ್ನೋದು ನಾಮಪದ ಅಲ್ಲ, ಅನುಕರಣಾವ್ಯಯ" ಎಂದು ಎದ್ದು ಹೋದರು.

ಮರುದಿನ ಹುಡುಕಾಟ ಪಾರ್ಕಿಗೆ ಇಳಿಯಿತು. ವಾಕಿಂಗ್ ಗುಂಪಿನಲ್ಲಿ ಒಬ್ಬರು ಗೌಡರಿದ್ದಾರೆ. ಹಳೆಯ ಹಳ್ಳಿಯ ಮನೆತನ. ಅವರ ರಾಗಿ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟುಗಳಿವೆ. ಕಿವಿ ಸ್ವಲ್ಪ ದೂರ. ಭಾವನಿಗೆ ಹಳ್ಳಿಯ ಕನ್ನಡದಲ್ಲಿ ಈ ಪದಕ್ಕೆ ಏನೋ ಇರಲೇಬೇಕೆಂಬ ನಂಬಿಕೆ.

"ಗೌಡ್ರೇ, ನಿಮ್ಮ ಕಡೆ ಸೌದಾದೆಗೆ..."

"ಸೌದೆ ಅದೆ," ಎಂದರು ಗೌಡರು. "ಯಾಕಿಲ್ಲ? ಬೇಕಾದಂಗೆ ಅದೆ."

"ಇದೆಯಾ? ಯಾವುದು?" ಭಾವನ ಮುಖ ಅರಳಿತು.

"ನೀಲಗಿರಿ. ವಿದ್ಯಾರಣ್ಯಪುರದಾಗೆ ಸೈಟ್ ಕ್ಲೀನ್ ಮಾಡಿಸ್ತಾ ಇವ್ನಿ, ಸುಮ್ಕೆ ಬಿದ್ದದೆ. ನಿಮಗಿಲ್ಲ ಅಂತೀನಾ?"

ಪೋರ್ಚುಗೀಸರ ದುಃಖಕ್ಕೆ ನಮ್ಮಲ್ಲಿ 'ನೀಲಗಿರಿ' ಎನ್ನುತ್ತಾರೆಯೇ ಎಂದು ಭಾವ ಮನೆಗೆ ಬರುವ ತನಕ ಯೋಚಿಸಿದರಂತೆ. ಬೆಟ್ಟ, ದೂರ, ನೀಲಿ ಬಣ್ಣ... ಇದ್ದರೂ ಇರಬಹುದು! ಉತ್ತರ ಸಂಜೆ ಲಗೇಜ್ ಆಟೋದಲ್ಲಿ ಬಂತು. ಗೇಟಿನ ಮುಂದೆ ಆಟೋ ರಿವರ್ಸ್ ತೆಗೆದು, ಆಳುಗಳು ಒಂದು ಲೋಡ್ ನೀಲಗಿರಿ ಸೌದೆಯನ್ನು ಧಡಧಡನೆ ಸುರಿದು, ಅಕ್ಕನ ತುಳಸಿ ಕುಂಡ ಅರ್ಧ ಮುಚ್ಚಿ, "ಗೌಡ್ರು ಕಳಿಸವ್ರೆ" ಎಂದು ಹೊರಟುಹೋದರು. ವಾಪಸ್ ಕಳಿಸಲು ಭಾವ ಫೋನ್ ಮಾಡಿದರೆ ಗೌಡರು, "ಇಂಗೆಲ್ಲಾ ಸಂಕೋಚ ಮಾಡ್ಕೋಬಾರ್ದು ಸ್ವಾಮಿ" ಎಂದು ಫೋನ್ ಇಟ್ಟರು.

ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಸೌದೆ ರಾಶಿಯನ್ನೂ ಗಂಡನನ್ನೂ ಸರದಿಯಂತೆ ನೋಡಿದಳು. "ಆಯ್ತಲ್ಲ, ನಿಮ್ಮ ಪದ ಮನೆ ಬಾಗಿಲಿಗೇ ಬಂತು. ಈಗ ಇದಕ್ಕೆ ಯಕಾರ ಆಗಮ ಮಾಡಿ ಒಳಗೆ ಜೋಡಿಸಿ."

ಸೌದೆಯನ್ನು ಕಾಂಪೌಂಡ್ ಗೋಡೆಗೆ ಆನಿಸಿ ಜೋಡಿಸಿದವನು ನಾನು. ಭಾವ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಪದದ ಮೂಲ ಓದಿ ಹೇಳುತ್ತಿದ್ದರು. ಮರ್ಯಾದೆಯಾಗಿ ಒಂದೇ ಹುಟ್ಟು ಇರುವ ಪದವೂ ಅಲ್ಲ ಅದು! ಲ್ಯಾಟಿನ್ನಿನಲ್ಲಿ ಒಂಟಿತನ ಎಂಬ ಅರ್ಥದ ಪದವೊಂದು ಸವೆದು ಸವೆದು ಹೀಗಾಯಿತು ಎನ್ನುವವರೇ ಹೆಚ್ಚು. ಸವೆಯುವ ದಾರಿಯಲ್ಲಿ ಅದಕ್ಕೆ 'ಆರೋಗ್ಯ', 'ನಮಸ್ಕಾರ ಹೇಳುವುದು' ಎಂಬ ಅರ್ಥದ ಪೋರ್ಚುಗೀಸ್ ಪದಗಳ ಸಹವಾಸವಾಗಿ ಉಚ್ಚಾರ ಬದಲಾಯಿತಂತೆ. ಅಂದರೆ ಒಂಟಿಯಾಗಿ ಹೊರಟದ್ದು ಎದುರಿಗೆ ಸಿಕ್ಕವರಿಗೆಲ್ಲ ಹೇಗಿದ್ದೀರಾ, ಚೆನ್ನಾಗಿದ್ದೀರಾ ಎಂದು ಕೇಳುತ್ತಾ ಬಂದು ಸೌದಾದೆ ಆಯಿತು. ಇನ್ನು ಕೆಲವರು ಹಾಗಲ್ಲ, ಇದು ಅರಬ್ಬಿಯ 'ಸೌದಾ', ಕರೀ ಪಿತ್ತ ಎನ್ನುತ್ತಾರೆ. ಆ ಪಿತ್ತ ಹೆಚ್ಚಾದರೆ ಮನುಷ್ಯ ಮಂಕಾಗಿ ಕೂರುತ್ತಾನೆಂದು ಹಿಂದಿನ ಹಕೀಮರು ನಂಬಿದ್ದರಂತೆ.

"ಪಿತ್ತ ನೆತ್ತಿಗೇರಿದೆ ಅಂತ ನಾನು ಯಾವತ್ತೋ ಹೇಳಿದ್ದೆ," ಎಂದಳು ಅಕ್ಕ. "ಅರಬ್ಬಿ, ಉರ್ದು ಅಂದ್ರೆ ಭಾಯಿನ ಕೇಳಿ."

"ಬೇಡ. ಬರ್ತೀನಿ ಅನ್ನದೇ ಹೋದೋರ ಹತ್ರ ನಂಗೇನು ಮಾತು?"

ಆಗ ಅಕ್ಕ ಒಂದು ವರ್ಷದಿಂದ ಬಚ್ಚಿಟ್ಟಿದ್ದ ವಿಷಯ ಹೊರಗೆ ಹಾಕಿದಳು. ಅವಳೂ ಭಾಯಿಯ ಹೆಂಡತಿ ಭಾಬಿಯೂ ಒಂದು ದಿನವೂ ಮಾತು ಬಿಟ್ಟಿರಲಿಲ್ಲ. ಗಂಡಸರು ಮಲಗಿದ ಮಧ್ಯಾಹ್ನದ ಹೊತ್ತಿನಲ್ಲಿ ಫೋನಿನಲ್ಲಿ ಸಾರು, ಸೊಸೆ, ಮಂಡಿ ನೋವು ಎಲ್ಲ ನಡೆದೇ ಇತ್ತು. "ಅಲ್ಲೊಬ್ರು ದಿನಾ ಸಂಜೆ ಬಾಲ್ಕನಿಲಿ ನಿಂತ್ಕೋತಾರಂತೆ, ಇಲ್ಲೊಬ್ರು ಗೋಡೆ ಹತ್ರ ನಿಂತ್ಕೋತಾರೆ. ಭಾಬಿ ನಿನ್ನೆ ಅತ್ರು ಕಣ್ರೀ. ನಿಮಗೆ ಫೋನ್ ಮಾಡಿ ಅಂದ್ರೆ, ಸಾರ್ ಕೋಪ ಮಾಡ್ಕೊಂಡಿದಾರೆ ಅಂತ ಫೋನ್ ಎತ್ತಿ ಎತ್ತಿ ಇಡ್ತಾರಂತೆ."

ಭಾನುವಾರ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನನ್ನ ಕಾರಿನಲ್ಲಿ ಕೂತಿದ್ದರು. "ಅರಬ್ಬಿ ಮೂಲ ಖಚಿತ ಮಾಡ್ಕೋಬೇಕು, ಅಷ್ಟೇ" ಎಂದರು. ಹೆಬ್ಬಾಳದ ಜಾಮಿನಲ್ಲಿ ನಾವು ಅಲುಗಾಡದೆ ನಿಂತಾಗ, "ಅಷ್ಟೇ ಕಣೋ, ಬೇರೇನಿಲ್ಲ" ಎಂದು ಇನ್ನೊಮ್ಮೆ ಹೇಳಿದರು. ನಾನೇನು ಕೇಳಿದ್ದೆನೇ?

ಯಲಹಂಕದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ಮೊಬೈಲ್ ಹಿಡಿದು, "ಏನ್ ವಿಷಯ ಸಾರ್?" ಎಂದರು.

"ಪದದ ವ್ಯುತ್ಪತ್ತಿ," ಎಂದರು ಭಾವ.

ಅವರ ಮೊಬೈಲಿನಲ್ಲಿ ಅತಿಥಿ, ಕ್ಯಾಬ್, ಡೆಲಿವರಿ ಮೂರೇ ಇದ್ದವು. ಅವರು ಡೆಲಿವರಿ ಒತ್ತಿದರು.

ಬಾಗಿಲು ತೆಗೆದ ಭಾಯಿ ಬಡಕಲಾಗಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. "ಬನ್ನಿ ಸಾರ್" ಎಂದರು ಭಾಯಿ. "ಒಂದು ಪದದ ವಿಚಾರ ಕೇಳ್ಕೊಂಡು ಹೋಗೋಣ ಅಂತ ಬಂದೆ" ಎಂದರು ಭಾವ. ಬಾಲ್ಕನಿಯ ಗಿಡ್ಡ ಗೋಡೆಯ ಮೇಲೆ ಕೆಂಪು ರೆಕ್ಸಿನ್ ದಿಂಬು ಇತ್ತು. ಮೂವರೂ ಅದನ್ನು ನೋಡಿ, ನೋಡದವರಂತೆ ಸೋಫಾದಲ್ಲಿ ಕೂತೆವು.

"ಸೌದಾ ಅಂದ್ರೇನು ಭಾಯಿ?"

"ಅಂಗಡಿ ಸಾಮಾನು ಸಾರ್. ಸೌದಾ ತರೋಕೆ ಹೋಗೋದು ಅಂತೀವಿ."

"ಅದಲ್ಲ. ಇನ್ನೊಂದು ಅರ್ಥ."

ಭಾಯಿ ತಲೆ ಕೆರೆದುಕೊಂಡರು. ಅಡುಗೆಮನೆಯಿಂದ ಭಾಬಿಯ ದನಿ ಬಂತು: "ಹುಚ್ಚು ಅಂತ ಅರ್ಥ ಅಣ್ಣಾ. ಈ ಮನೇಲಿ ಒಂದಿದೆ, ನಿಮ್ಮನೇಲಿ ಒಂದಿದೆ."

ನಾನು ನಕ್ಕುಬಿಟ್ಟೆ. ಅವರಿಬ್ಬರೂ ನಗಲಿಲ್ಲ. ಭಾವ ಕನ್ನಡಕ ಸರಿ ಮಾಡಿಕೊಂಡರು.

"ಅವತ್ತು ನೀವು ಹೋಗ್ತೀನಿ ಅಂದ್ರಿ."

"ಅಂದೆ ಸಾರ್."

"ಬರ್ತೀನಿ ಅನ್ನಲಿಲ್ಲ."

"ಹೆಂಗ್ ಅನ್ಲಿ ಸಾರ್?" ಭಾಯಿ ತಮ್ಮ ಮಂಡಿ ಸವರಿಕೊಂಡರು. "ಈ ಕಾಲು ಇಟ್ಕೊಂಡು ಯಾವಾಗ ಬರ್ತೀನೋ ನಂಗೇ ಗೊತ್ತಿರಲಿಲ್ಲ. ನಿಮ್ಮನ್ನ ನಾನು ನೋಡಿಲ್ವಾ? ಪೇಂಟರ್ ನಾಳೆ ಬರ್ತೀನಿ ಅಂದ್ರೆ ನಾಳೆ ಇಡೀ ಗೇಟಲ್ಲೇ ನಿಂತಿರ್ತೀರ. ನಾನು ಬರ್ತೀನಿ ಅಂದಿದ್ರೆ, ನೀವು ದಿನಾ ಗೇಟ್ ನೋಡ್ತಾ ಕೂರ್ತಿದ್ರಿ. ಅದಕ್ಕೇ ಹೋಗ್ತೀನಿ ಅಂದೆ."

"ನೋಡ್ತಾನೇ ಇದೀನಲ್ರೀ" ಎಂದರು ಭಾವ.

ಭಾಬಿ ಟೀ ತಂದಿಟ್ಟು, ಇಬ್ಬರ ಮುಖ ನೋಡಿ, ಕಣ್ಣಿಗೆ ಸೆರಗು ಒತ್ತಿಕೊಂಡರು. ಆಮೇಲೆ ಆ ಒಂದು ಲೋಡ್ ಸೌದೆಯ ಸಮಾಚಾರ ಕೇಳಿದರು. ಅಕ್ಕ ಅದನ್ನೂ ಫೋನಿನಲ್ಲಿ ಹೇಳಿಯಾಗಿತ್ತು. ಗ್ಯಾಸಿನ ಮೇಲೆ ಮಾಡಿದ ಖೀರು ಬಾಯಿಗೆ ಹತ್ತುವುದಿಲ್ಲವಂತೆ, ಸೌದೆ ಒಲೆಯ ಮೇಲೆ ಒಮ್ಮೆ ಮಾಡಬೇಕಂತೆ. ಗಂಡಸರಿಬ್ಬರೂ ಬಾಲ್ಕನಿಗೆ ಹೋದರು. ಸ್ವಲ್ಪ ಹೊತ್ತಿಗೆ ಯಲಹಂಕದ ವಿಮಾನಗಳು ಶಬ್ದ ಮಾಡುತ್ತವೋ ಇಲ್ಲವೋ ಎಂಬ ಬಗ್ಗೆ ಜಗಳ ಶುರುವಾದದ್ದು ಕೇಳಿಸಿತು. ಇರುವ ಒಂದೇ ದಿಂಬಿನ ಮೇಲೆ ಇಬ್ಬರೂ ಒಂದೊಂದು ಮೊಣಕೈ ಇಟ್ಟಿದ್ದರು.

ಹೊರಟಾಗ ಭಾಯಿ ಕುಂಟುತ್ತಾ ಲಿಫ್ಟಿನ ತನಕ ಬಂದರು. ಭಾವ ಒಳಗೆ ನಿಂತು, ಒಂದಕ್ಷರವೂ ನುಂಗದೆ, "ಹೋಗಿ ಬರ್ತೀನಿ ಭಾಯಿ" ಎಂದರು. ಮುಚ್ಚುತ್ತಿದ್ದ ಬಾಗಿಲನ್ನು ಭಾಯಿ ಕೈಯಿಂದ ತಡೆದರು.

"ಬರ್ತೀನಿ ಸಾರ್" ಎಂದರು.

ಹೊರಟವರು ನಾವು. ಅವರು ತಮ್ಮ ಮನೆಯ ಮುಂದೆ, ಮನೆಯ ಚಪ್ಪಲಿಯಲ್ಲೇ ನಿಂತಿದ್ದರು. ಹಾಗೆ ನಿಂತವರು 'ಹೋಗಿ ಬನ್ನಿ' ಎನ್ನಬೇಕು. 'ಬರ್ತೀನಿ' ಎಂದರೆ ತಪ್ಪು. ಒಂದು ವರ್ಷದ ಹಿಂದೆ ಹೇಳಬೇಕಿದ್ದ ಮಾತನ್ನು ಹೇಳಬಾರದ ಕಡೆ ಹೇಳಿದ್ದರು. ಈಗ ತಿದ್ದುತ್ತಾರೆ ಎಂದು ನಾನು ಭಾವನ ಮುಖ ನೋಡಿದೆ.

ಭಾವ ತಿದ್ದಲಿಲ್ಲ. "ಹೂಂ, ಬನ್ನಿ" ಎಂದರು. ಬಾಗಿಲು ಮುಚ್ಚಿಕೊಂಡ ಮೇಲೆ ಕನ್ನಡಕ ತೆಗೆದು, ಗಾಜು ಬಿಟ್ಟು ಕಣ್ಣು ಒರೆಸಿಕೊಂಡರು.

"ದಾರೀಲಿ ಒಂದು ಟಾರ್ಪಾಲು ತಗೋಳೋಣ ಕಣೋ," ಎಂದರು. "ಅವರು ಬರೋ ಹೊತ್ತಿಗೆ ಸೌದೆ ನೆಂದಿರಬಾರದು."